ಲಿಫ್ಟಿನೊಳಗಿನ ಊಸರವಳ್ಳಿ: ಊರು ಬಿಟ್ಟವರ ಬದುಕನ್ನು ಪ್ರಾಣಿಗಳ ಮೂಲಕ ಬರೆಯುವುದು ಹೇಗೆ?

ಹಂಚಿನಮನೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಚಿತ್ರವನ್ನು ಗೋಡೆಗೆ ಮುಖಮಾಡಿ ಇಟ್ಟಿದ್ದೇನೆ. ಅದರ ಬಗ್ಗೆ ನಿಮ್ಮೊಡನೆ ಮಾತಾಡಬೇಕಾಗಿದೆ.

ನಾನು ತೀರ್ಥಹಳ್ಳಿ ಕಡೆಯವಳು. ಬೆಂಗಳೂರಿಗೆ ಬಂದು ಒಂಬತ್ತು ವರ್ಷವಾಯಿತು. ಹಗಲು ಒಂದು ಕಂಪನಿಯಲ್ಲಿ ತಿಂಡಿ ಪೊಟ್ಟಣಗಳ ವಿನ್ಯಾಸ ಮಾಡುತ್ತೇನೆ, ರಾತ್ರಿ ನನಗಾಗಿ ಚಿತ್ರ ಬರೆಯುತ್ತೇನೆ. ಒಂದು ವರ್ಷದಿಂದ ಕೈಗೆತ್ತಿಕೊಂಡಿರುವುದು ಊರು ಬಿಟ್ಟು ಬಂದವರ ಕಥೆ. ಹೊಸ ಜಾಗದಲ್ಲಿ ಅವರು ಹೇಗೆ ಹೊಂದಿಕೊಳ್ಳುತ್ತಾರೆ, ಏನನ್ನು ನುಂಗಿಕೊಳ್ಳುತ್ತಾರೆ, ಯಾವುದನ್ನು ಯಾರಿಗೂ ಕಾಣದಂತೆ ಉಳಿಸಿಕೊಳ್ಳುತ್ತಾರೆ ಎಂಬುದೇ ನನ್ನ ವಿಷಯ. ಮೊದಲು ಮನುಷ್ಯರ ಮುಖಗಳನ್ನೇ ಬರೆದೆ. ನೋಡಿದವರೆಲ್ಲ "ಇದು ಯಾರು?" ಎಂದು ಕೇಳಿದರು. ಪ್ರಾಣಿಗಳ ಮುಖ ಬಂದ ಮೇಲೆ ಆ ಪ್ರಶ್ನೆ ನಿಂತುಹೋಯಿತು. ಜನ ಚಿತ್ರದ ಮುಂದೆ ನಿಂತು ತಮ್ಮನ್ನೇ ಹುಡುಕಿಕೊಳ್ಳತೊಡಗಿದರು. ಅದು ನನಗೆ ಹಿಡಿಸಿತು.

ಈಗ ಸಿಕ್ಕಿಹಾಕಿಕೊಂಡಿರುವ ಚಿತ್ರ ಇದು. ಮೂರಡಿಗೆ ನಾಲ್ಕಡಿ ಕ್ಯಾನ್ವಾಸ್, ಅಕ್ರಿಲಿಕ್. ಕಚೇರಿಯ ಲಿಫ್ಟ್. ಒಳಗೆ ಏಳು ಜನ. ಒಬ್ಬರಿಗೆ ಕಾಗೆಯ ತಲೆ, ಒಬ್ಬರಿಗೆ ಬೀದಿನಾಯಿಯದು, ಇಬ್ಬರು ಕೋತಿಗಳು, ಹೀಗೆ. ನಡುವೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಊಸರವಳ್ಳಿ. ಲಿಫ್ಟಿನ ಉಕ್ಕಿನ ಗೋಡೆ ಯಾವ ಬೂದು ಬಣ್ಣವೋ ಅದರ ಮೈಯೂ ಅದೇ ಬೂದು. ಫೋಟೊ ಕೆಳಗೆ ಹಾಕಿದ್ದೇನೆ.

ಒಂದು ಕಲಾಶಿಬಿರಕ್ಕೆ ಇದನ್ನು ಕೊಂಡೊಯ್ದಿದ್ದೆ. ಹಿರಿಯ ಕಲಾವಿದರೊಬ್ಬರು ಒಂದು ನಿಮಿಷ ನೋಡಿ ಹೇಳಿದರು: "ಇದು ಗಾದೆಗೆ ಬರೆದ ಚಿತ್ರ. ಊಸರವಳ್ಳಿ ಎಂದರೆ ಬಣ್ಣ ಬದಲಿಸುವವರು ಎಂಬುದು ಎಲ್ಲರಿಗೂ ಗೊತ್ತು. ಅದರ ಮೇಲೆ ನೀನು ಹೇಳಿದ್ದೇನು?"

ಉತ್ತರ ಕೊಡಲಾಗಲಿಲ್ಲ. ಏಕೆಂದರೆ ಆ ಊಸರವಳ್ಳಿ ನಾನೇ. ಕೆಲಸಕ್ಕೆ ಸೇರಿದ ಮೊದಲ ವಾರ ಊಟದ ಹೊತ್ತಿನಲ್ಲಿ ಬಾಯಿತಪ್ಪಿ "ಹೌದಾ ಮಾರಾಯ್ತಿ" ಎಂದಿದ್ದೆ. ಮೇಜಿನ ಸುತ್ತ ಇದ್ದವರು ನಕ್ಕರು. ಕೆಟ್ಟ ನಗುವೇನಲ್ಲ, ಆದರೂ ಅಂದಿನಿಂದ ಆ ಮಾತು ಗಂಟಲಿನವರೆಗೆ ಬಂದು ಹಿಂದೆ ಹೋಗುತ್ತದೆ. ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ಮಾತ್ರ ಹೊರಗೆ ಬರುತ್ತದೆ. ಇದು ಮೋಸವೇ? ಊಸರವಳ್ಳಿ ಎಂಬ ಹೆಸರಿಟ್ಟ ಕೂಡಲೇ ಮೋಸವೆಂದೇ ಆಗಿಬಿಡುತ್ತದೆ. ನಾನು ಹೇಳಬೇಕೆಂದದ್ದು ಅದಲ್ಲ.

ಪ್ರಾಣಿಯನ್ನು ತಂದ ಕೂಡಲೇ ಅದರ ಬೆನ್ನಿಗಂಟಿದ ಗಾದೆಯೂ ಬರುತ್ತದೆ. ಅದನ್ನು ಕಳಚುವುದು ಹೇಗೆ? ಚಿತ್ರ ಬರೆಯುವವರು, ಬರೆಯದವರು, ಎಲ್ಲರೂ ಹೇಳಿ.

ಕೆಮ್ಮಣ್ಣು

ತಂಗೀ, ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು, ಸಾಗರದವನು. ನಿನ್ನ ಪ್ರಶ್ನೆ ಒಳ್ಳೆಯದು. ಗಾದೆಯ ಚಿತ್ರ ಎಂದ ಮಾತ್ರಕ್ಕೆ ಚಿತ್ರ ಸೋತಿತೆಂದು ತಿಳಿಯಬೇಡ. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಕಾಳೀಘಾಟ್ ಚಿತ್ರಗಳನ್ನು ನೋಡು. ಅಲ್ಲಿ ಒಂದು ಬೆಕ್ಕು ಇದೆ. ಹಣೆಯ ಮೇಲೆ ವೈಷ್ಣವ ತಿಲಕ, ಬಾಯಲ್ಲಿ ಸಿಗಡಿ. ಕಪಟ ಸನ್ಯಾಸಿಯ ಮೇಲಿನ ಬಾಣ ಅದು. ಆ ಬೆಕ್ಕಿನ ಕಥೆ ಹೊಸದೇನಲ್ಲ. ಏಳನೆಯ ಶತಮಾನದ ಮಾಮಲ್ಲಪುರದ ಬಂಡೆಯ ಮೇಲೆ ತಪಸ್ವಿಯಂತೆ ಕೈಯೆತ್ತಿ ನಿಂತ ಬೆಕ್ಕು, ಸುತ್ತ ಇಲಿಗಳು. ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದರೆ ತ್ರಿಪುರಾಂತಕ ದೇವಾಲಯದ ಕಲ್ಲಿನಲ್ಲಿಯೂ ಪಂಚತಂತ್ರದ ಕಥೆಗಳ ಸಾಲು ಕಾಣುತ್ತದೆ. ಎಲ್ಲರಿಗೂ ಗೊತ್ತಿದ್ದ ಕಥೆಗಳೇ.

ಹಾಗಾದರೆ ಕಾಳೀಘಾಟಿನ ಬೆಕ್ಕು ಇಂದಿಗೂ ಏಕೆ ಹೊಸದಾಗಿ ಕಾಣುತ್ತದೆ? ಬರೆದವರು ಯಾರೆಂದು ನೋಡಬೇಕು. ಬಂಗಾಳದ ಹಳ್ಳಿಗಳಲ್ಲಿ ಬಟ್ಟೆಯ ಸುರುಳಿ ಬಿಚ್ಚುತ್ತ ಹಾಡಿ ಕಥೆ ಹೇಳುತ್ತಿದ್ದ ಪಟುವಾಗಳು ಅವರು. ಹೊಟ್ಟೆಪಾಡಿಗಾಗಿ ಕಲ್ಕತ್ತೆಗೆ ಬಂದು ಕಾಳಿ ದೇವಸ್ಥಾನದ ಸುತ್ತ ಬೀಡುಬಿಟ್ಟರು. ಸುರುಳಿ ಬಿಚ್ಚಿ ಕೇಳಲು ಪೇಟೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆಗ ಗಿರಣಿಯ ಕಾಗದ ತಂದು, ಒಂದೇ ಏಟಿಗೆ ಕುಂಚ ಎಳೆದು, ಬಿಡಿ ಚಿತ್ರ ಮಾಡಿ ಯಾತ್ರಿಕರಿಗೆ ಅಗ್ಗದಲ್ಲಿ ಮಾರಿದರು. ಅವರೂ ಊರು ಬಿಟ್ಟವರೇ, ಹೊಂದಿಕೊಂಡವರೇ. ತಾವು ಕಂಡ ಪೇಟೆಯ ಜನರನ್ನು ಬೆಕ್ಕು, ಕುರಿ ಮಾಡಿ ಬರೆದರು. ಹೆಣ್ಣೊಬ್ಬಳು ಹಗ್ಗ ಹಿಡಿದು ಕರೆದೊಯ್ಯುವ ಕುರಿಗೆ ಶೋಕಿ ಬಾಬುವಿನ, ಅಂದರೆ ಪೇಟೆಯ ಶೋಕಿಲಾಲನ, ಮುಖವಿರುತ್ತದೆ. ಹಳೆಯ ಗಾದೆಯಾದರೂ ಅದನ್ನು ನೋಡಿದ ಕಣ್ಣು ಅಂದಿನದು.

ನಿನ್ನ ಚಿತ್ರದಲ್ಲಿ ಗಾದೆ ಇದೆ, ನೀನು ನೋಡಿದ್ದು ಇನ್ನೂ ಬಂದಿಲ್ಲ. "ಮಾರಾಯ್ತಿ" ಎಂಬ ಮಾತು ಗಂಟಲಲ್ಲಿ ನಿಂತದ್ದನ್ನು ಇಲ್ಲಿ ಬರೆದೆಯಲ್ಲ, ಅದು ಕ್ಯಾನ್ವಾಸಿನ ಮೇಲೆ ಎಲ್ಲಿದೆ?

ಓದುವಮನೆ

ಮೇಷ್ಟ್ರ ಮಾತಿಗೆ ಪೂರಕವಾಗಿ ಎರಡು ಉದಾಹರಣೆ.

ಸ್ಪೇನಿನ ಚಿತ್ರಕಾರ ಗೋಯಾ 1799ರಲ್ಲಿ ಎಂಬತ್ತು ಅಚ್ಚುಚಿತ್ರಗಳ ಒಂದು ಮಾಲೆ ಹೊರತಂದರು. ಅದರಲ್ಲಿ ಕತ್ತೆಗಳದೇ ಒಂದು ಗುಂಪಿದೆ. ಕತ್ತೆ ಮೇಷ್ಟ್ರು ಕತ್ತೆಮರಿಗೆ ಪಾಠ ಹೇಳುತ್ತಾನೆ, ಕತ್ತೆ ವೈದ್ಯ ರೋಗಿಯ ನಾಡಿ ಹಿಡಿಯುತ್ತಾನೆ. ಇವು ನಗಿಸುತ್ತವೆ. ಆದರೆ ನಲವತ್ತೆರಡನೆಯ ಹಾಳೆಯ ಮುಂದೆ ನಗು ಬರುವುದಿಲ್ಲ. ಇಬ್ಬರು ಬಡವರು ಬಗ್ಗಿ ನಿಂತಿದ್ದಾರೆ, ಅವರ ಬೆನ್ನ ಮೇಲೆ ಎರಡು ಕತ್ತೆಗಳು ಕೂತಿವೆ. ಹೊರುವವರ ಕಣ್ಣು ಮುಚ್ಚಿದೆ. ಹೊರಬೇಕಾದದ್ದು ಹೊರಿಸಿಕೊಂಡಿದೆ, ಅಷ್ಟೇ. ಕತ್ತೆ ಎಂದರೆ ದಡ್ಡ ಎಂಬ ಗಾದೆಯನ್ನು ಆತ ಕೈಬಿಡಲಿಲ್ಲ, ಕತ್ತೆ ಇರಬೇಕಾದ ಜಾಗವನ್ನು ಬದಲಿಸಿದರು.

ಎರಡನೆಯದು ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅಮೆರಿಕದ ಆರ್ಟ್ ಸ್ಪೀಗಲ್‌ಮನ್ ತಮ್ಮ ತಂದೆ ನಾಜಿಗಳ ಶಿಬಿರದಿಂದ ಬದುಕಿ ಬಂದ ಕಥೆಯನ್ನು "ಮೌಸ್" ಎಂಬ ಚಿತ್ರಕಥೆಯಲ್ಲಿ ಹೇಳಿದ್ದಾರೆ. ಮೊದಲ ಸಂಪುಟ 1986ರಲ್ಲಿ ಬಂತು. ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ತಂದೆ ಜೀವ ಉಳಿಸಿಕೊಳ್ಳಲು ಪೋಲೆಂಡಿನವನಂತೆ ನಟಿಸುತ್ತ ಬೀದಿಗೆ ಇಳಿದಾಗ ಇಲಿಯ ಮುಖದ ಮೇಲೆ ಹಂದಿಯ ಮುಖವಾಡ ಕಟ್ಟಿಕೊಂಡಂತೆ ಬರೆಯುತ್ತಾರೆ. ಮುಖವಾಡದ ದಾರ ತಲೆಯ ಹಿಂದೆ ಕಾಣುತ್ತದೆ. ನನಗೆ ಇಡೀ ಪುಸ್ತಕದಲ್ಲಿ ಮರೆಯಲಾಗದ್ದು ಆ ದಾರದ ಗಂಟು. ಎದುರಿಗೆ ಬರುವವರಿಗೆ ಅದು ಕಾಣುವುದಿಲ್ಲ, ಓದುವ ನಮಗೆ ಕಾಣುತ್ತದೆ. ಹೊಂದಿಕೊಳ್ಳುವುದರ ಭಯ ಪೂರ್ತಿ ಅಲ್ಲಿದೆ.

ಜವಾರಿ

ನಾನು ಚಿತ್ರ ಬರೆಯುವವಳಲ್ಲ. ಇಷ್ಟು ಹೇಳಲೇಬೇಕು ಎನಿಸಿತು.

ಶಾಲೆಯಲ್ಲಿ ನನ್ನನ್ನು ಎಮ್ಮೆ ಎಂದು ಕರೆಯುತ್ತಿದ್ದರು. ಕಪ್ಪಗಿದ್ದೆ, ಮೆಲ್ಲಗೆ ನಡೆಯುತ್ತಿದ್ದೆ, ಅದಕ್ಕೆ. ಪ್ರಾಣಿಗೆ ಹೋಲಿಸುವುದು ಕಲಾವಿದರಿಗೆ ರೂಪಕ ಇರಬಹುದು, ಹೋಲಿಸಿಕೊಂಡವರಿಗೆ ಅದು ಹೊಡೆತ. ನಾಯಿ, ಹಂದಿ, ಕತ್ತೆ, ಕೋತಿ ಎಂಬ ಮಾತುಗಳು ಯಾರ ಕಡೆಗೆ ಹೆಚ್ಚು ಬೀಸಿ ಬಂದಿವೆ ಎಂಬುದು ನಮ್ಮ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಲಿಫ್ಟಿನಲ್ಲಿ ಇಬ್ಬರು ಕೋತಿಗಳು ಎಂದಿದ್ದೀರಿ. ಫೋಟೊ ನೋಡಿದೆ. ಒಬ್ಬನ ಕೈಯಲ್ಲಿ ನೆಲ ಒರೆಸುವ ಕೋಲಿದೆ. ಅವನಿಗೇ ಕೋತಿಯ ತಲೆ ಏಕೆ?

ಇನ್ನೊಂದು ಮಾತು. ನಮ್ಮ ಊರು ಬಾಗಲಕೋಟೆ ಜಿಲ್ಲೆಯಲ್ಲಿದೆ. ಕಾರಹುಣ್ಣಿಮೆಗೆ ಅಪ್ಪ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿದ್ದರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು. ಎಮ್ಮೆ ಕೊಟ್ಟಿಗೆಯಲ್ಲಿಯೇ ನಿಂತಿರುತ್ತಿತ್ತು. ಮನೆ ನಡೆದದ್ದು ಅದರ ಹಾಲಿನಿಂದ. ಒಂದು ವರ್ಷ, ನನಗಾಗ ಹನ್ನೊಂದು ವಯಸ್ಸು, ಉಳಿದ ನೀಲಿ ಬಣ್ಣವನ್ನು ಕದ್ದು ನಮ್ಮ ಎಮ್ಮೆಯ ಎರಡೂ ಕೊಂಬಿಗೆ ಬಳಿದೆ. ಕೊಂಬು ಹಿಂದಕ್ಕೆ ಬಾಗಿ ಸುರುಳಿಯಾಗಿದ್ದರಿಂದ ಒಳಸುತ್ತಿಗೆ ಬೆರಳಿನಿಂದಲೇ ಹಚ್ಚಬೇಕಾಯಿತು. ಅದು ಅಲುಗಾಡದೆ ನಿಂತಿತ್ತು. ಬೆರಳಿಗೆ ಬೆಚ್ಚಗೆ ತಾಗುತ್ತಿತ್ತು.

ಎಮ್ಮೆಯನ್ನು ಯಾರಾದರೂ ಚಿತ್ರ ಬರೆಯುವುದಾದರೆ ಆ ಬೆಚ್ಚಗಿನದ್ದು ಬರಬೇಕು.

ಹಂಚಿನಮನೆ

ಅಕ್ಕ, ನಿಮ್ಮ ಬರಹವನ್ನು ನಾಲ್ಕು ಸಲ ಓದಿದೆ. ನೀವು ಹೇಳಿದ್ದು ಸರಿ. ಗಿಜಿಗುಡುವ ಲಿಫ್ಟಿನಲ್ಲಿ ಮೂಲೆಗೆ ಸರಿದು ನಿಲ್ಲುವುದು ಆ ಹುಡುಗನೊಬ್ಬನೇ. ಅವನು ನಿಲ್ಲುವ ರೀತಿಯನ್ನು ನೋಡಿ ಬರೆಯಬೇಕಿತ್ತು. ನಾನು ಅಷ್ಟು ಯೋಚಿಸದೆ ಜಾಗ ತುಂಬಲು ಕೋತಿ ಬರೆದೆ. ಅದು ತಪ್ಪು. ಅದನ್ನು ಅಳಿಸುತ್ತೇನೆ.

ದೂರದೂರು

ಹನ್ನೆರಡು ವರ್ಷದಿಂದ ಲಂಡನ್ನಿನಲ್ಲಿದ್ದೇನೆ, ಮೂಲ ಹಾಸನ. ಈ ವಿಷಯ ಓದಿದ ಕೂಡಲೇ ಭಜ್ಜು ಶ್ಯಾಮ್ ನೆನಪಾದರು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಹಂಚಿನಮನೆಯವರ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರಿಸುವ ಚಿತ್ರಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಜ್ಜು ಶ್ಯಾಮ್ ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯ ಪಾಟನ್‌ಗಢದವರು, ಗೊಂಡ ಬುಡಕಟ್ಟಿನ ಪರಧಾನ ಸಮುದಾಯದವರು. ಹೊಟ್ಟೆಪಾಡಿಗಾಗಿ ಭೋಪಾಲಕ್ಕೆ ಬಂದು ರಾತ್ರಿ ಕಾವಲುಗಾರನ ಕೆಲಸ ಮಾಡಿದರು, ವಿದ್ಯುತ್ ಕೆಲಸ ಮಾಡಿದರು. ಆಮೇಲೆ ತಮ್ಮ ಬಂಧು ಜಂಗಢ್ ಸಿಂಗ್ ಶ್ಯಾಮ್ ಅವರ ಬಳಿ ಚಿತ್ರಗಳ ಒಳಗಿನ ಗೆರೆ, ಚುಕ್ಕೆ ತುಂಬುತ್ತ ಕಲಿತರು. 2002ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಬಡಾವಣೆಯ ಒಂದು ಭಾರತೀಯ ಹೋಟೆಲಿನ ಗೋಡೆಗಳಿಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಎರಡು ತಿಂಗಳು ಇಲ್ಲಿದ್ದರು. ಇಂಗ್ಲಿಷ್ ಬಾರದು, ವಿಮಾನ ಹತ್ತಿದ್ದೇ ಮೊದಲ ಸಲ. ಊರಿಗೆ ಹಿಂದಿರುಗಿ ತಾವು ಕಂಡ ಲಂಡನ್ನನ್ನು ಬರೆದರು. ಚೆನ್ನೈನ ತಾರಾ ಬುಕ್ಸ್ 2004ರಲ್ಲಿ ಅದನ್ನು "ಲಂಡನ್ ಜಂಗಲ್ ಬುಕ್" ಎಂದು ಪ್ರಕಟಿಸಿತು.

ಅವರ ವಿಮಾನ ರೆಕ್ಕೆ ಬಂದ ಆನೆ. ಅಷ್ಟು ಭಾರದ್ದು ಹಾರುವುದೆಂದರೆ ಆನೆ ಹಾರಿದಂತೆಯೇ. ಬಿಗ್ ಬೆನ್ ಗಡಿಯಾರದ ಗೋಪುರ ಹುಂಜದೊಡನೆ ಸೇರಿಕೊಳ್ಳುತ್ತದೆ, ಗಡಿಯಾರದ ಮುಖವೇ ಹುಂಜದ ಕಣ್ಣು. ಗೊಂಡರ ಹಳ್ಳಿಯಲ್ಲಿ ಹೊತ್ತು ಹೇಳುವುದು ಹುಂಜ ತಾನೇ? ನೆಲದಡಿಯ ರೈಲು ಮಣ್ಣಿನೊಳಗೆ ತೆವಳುವ ಜೀವಿಯಾಗುತ್ತದೆ. ಹಗಲೆಲ್ಲ ಕಚೇರಿಗಳಲ್ಲಿ ಕಾಣದೆ ಹೋಗಿ ಸಂಜೆಯಾದೊಡನೆ ಮದ್ಯದಂಗಡಿಗಳಿಗೆ ಹಿಂಡುಹಿಂಡಾಗಿ ಬರುವ ಇಂಗ್ಲಿಷರು ಬಾವಲಿಗಳು.

ನಾನು ಬಹಳ ಹೊತ್ತು ನೋಡುವ ಚಿತ್ರ ಬಸ್ಸಿನದು. ಭಜ್ಜು ದಿನವೂ ಕೆಲಸಕ್ಕೆ ಹೋಗುತ್ತಿದ್ದುದು 30ನೇ ಸಂಖ್ಯೆಯ ಬಸ್ಸಿನಲ್ಲಿ. ಭಾಷೆ ಬಾರದ ಊರಿನಲ್ಲಿ ಗುರುತು ಹಿಡಿಯಲು ಅವರಿಗೆ ಇದ್ದದ್ದು ಆ ಅಂಕಿಯೊಂದೇ. ಅದು ಬರುತ್ತಿತ್ತು, ಹತ್ತಿಸಿಕೊಳ್ಳುತ್ತಿತ್ತು, ಸರಿಯಾದ ಜಾಗದಲ್ಲಿ ಇಳಿಸುತ್ತಿತ್ತು. ಅವರು ಆ ಕೆಂಪು ಬಸ್ಸನ್ನು ನಾಯಿಯಾಗಿ ಬರೆದರು, ನಂಬಿಕಸ್ಥ ನಾಯಿ.

ಇಲ್ಲಿ ನೋಡಿ: ಯಾರನ್ನೂ ನಾಯಿ ಎಂದು ಕರೆದಿಲ್ಲ. ಹೆದರಿದ ಒಬ್ಬ ಮನುಷ್ಯನಿಗೂ ಒಂದು ಬಸ್ಸಿಗೂ ನಡುವೆ ಏನು ಬೆಳೆಯಿತೋ ಅದಕ್ಕೆ ನಾಯಿಯ ರೂಪ ಬಂದಿದೆ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನನಗೂ ಅಂಥ ಒಂದು ಬಸ್ ಇತ್ತು. ನಾಲ್ಕೂವರೆಗೇ ಕತ್ತಲು, ಬಾಯಿಂದ ಹಬೆ. ದೂರದಲ್ಲಿ ನನ್ನ ಸಂಖ್ಯೆಯ ದೀಪ ಕಂಡೊಡನೆ ಎದೆಯ ಬಿಗಿತ ಸಡಿಲಾಗುತ್ತಿತ್ತು. ಅದನ್ನು ಯಾರಿಗಾದರೂ ಹೇಗೆ ಹೇಳುವುದೆಂದು ತಿಳಿದಿರಲಿಲ್ಲ. ಭಜ್ಜು ಬರೆದುಬಿಟ್ಟಿದ್ದರು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. 2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ದಾಳಿಯಾದಾಗ ಟ್ಯಾವಿಸ್ಟಾಕ್ ಚೌಕದಲ್ಲಿ ಸ್ಫೋಟಗೊಂಡದ್ದು ಅದೇ 30ನೇ ಸಂಖ್ಯೆಯ ಮಾರ್ಗದ ಬಸ್. ಹದಿಮೂರು ಜನ ಅಮಾಯಕರು ತೀರಿಕೊಂಡರು. ಆ ಚಿತ್ರವನ್ನು ಈಗ ತೆರೆದಾಗಲೆಲ್ಲ ನಾಯಿಯ ತಲೆ ಸವರಬೇಕೆನಿಸುತ್ತದೆ.

ಕೆಮ್ಮಣ್ಣು

ದೂರದೂರು ಅವರೇ, ತುಂಬ ಚೆನ್ನಾಗಿ ಬರೆದಿರಿ. ಜಂಗಢರ ಹೆಸರು ಬಂದದ್ದರಿಂದ ಒಂದು ಮಾತು ಸೇರಿಸಬೇಕು.

ಪರಧಾನರು ಮೂಲತಃ ಚಿತ್ರಕಾರರಲ್ಲ, ಹಾಡುಗಾರರು. ಬಾನಾ ಎಂಬ ತಂತಿವಾದ್ಯ ನುಡಿಸುತ್ತ ಗೊಂಡ ಯಜಮಾನರ ಮನೆಗಳಿಗೆ ಹೋಗಿ ವಂಶದ ಕಥೆ, ದೇವರ ಕಥೆ ಹಾಡುವುದು ಅವರ ವೃತ್ತಿ. ಕೊಡುವ ಕೈಗಳು ಬಡವಾದ ಮೇಲೆ ಹಾಡು ಹೊಟ್ಟೆ ತುಂಬಿಸಲಿಲ್ಲ. 1980ರ ದಶಕದ ಆರಂಭದಲ್ಲಿ ಭೋಪಾಲದ ಕಲಾಕೇಂದ್ರ ಭಾರತ ಭವನಕ್ಕಾಗಿ ಹಳ್ಳಿಹಳ್ಳಿ ತಿರುಗುತ್ತಿದ್ದ ಕಲಾವಿದ ಜೆ. ಸ್ವಾಮಿನಾಥನ್ ಅವರ ತಂಡದವರ ಕಣ್ಣಿಗೆ ಪಾಟನ್‌ಗಢದ ಗೋಡೆಯೊಂದರ ಮೇಲಿನ ಚಿತ್ರ ಬಿತ್ತು. ಬರೆದವರು ಇಪ್ಪತ್ತರ ಆಸುಪಾಸಿನ ಹುಡುಗ ಜಂಗಢ್. ಅವರು ಭೋಪಾಲಕ್ಕೆ ಬಂದರು, ಕಾಗದ ಕಂಡರು, ಅಂಗಡಿಯ ಗಾಢ ಬಣ್ಣಗಳನ್ನು ಕಂಡರು. ಹಾಡಿನಲ್ಲಿದ್ದ ಜಿಂಕೆ, ಹಂದಿ, ಹಕ್ಕಿ, ಹಾವುಗಳೆಲ್ಲ ಚುಕ್ಕೆಗಳ ಮೈ ತಳೆದು ಕಾಗದಕ್ಕೆ ಇಳಿದವು. 1989ರಲ್ಲಿ ಅವರ ಕೃತಿಗಳು ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿದ್ದವು. ಆ ಶೈಲಿಗೇ ಜಂಗಢ್ ಕಲಂ ಎಂಬ ಹೆಸರು ನಿಂತಿತು. ಹಾಡುವವರ ಒಂದು ಕುಲ ಚಿತ್ರ ಬರೆಯುವ ಕುಲವಾಯಿತು.

2001ರಲ್ಲಿ ಜಪಾನಿನ ಒಂದು ವಸ್ತುಸಂಗ್ರಹಾಲಯಕ್ಕೆ ಚಿತ್ರ ಬರೆಯಲು ಹೋಗಿದ್ದಾಗ, ಮನೆಯವರಿಂದ ಅಷ್ಟು ದೂರದಲ್ಲಿ, ಜಂಗಢ್ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ನಲವತ್ತೂ ಆಗಿರಲಿಲ್ಲ. ಅದಾಗಿ ಒಂದು ವರ್ಷಕ್ಕೆ ಅವರ ಶಿಷ್ಯ ಭಜ್ಜು ಪರದೇಶಕ್ಕೆ ವಿಮಾನ ಹತ್ತಿದ್ದು. ಹಾರುವ ಆನೆಯನ್ನು ನೋಡುವಾಗ ನನಗೆ ಇದು ಮನಸ್ಸಿನಿಂದ ಹೋಗುವುದಿಲ್ಲ. ಹೊಂದಿಕೊಳ್ಳುವುದು ಎಂದು ನಾವು ಸಲೀಸಾಗಿ ಹೇಳುತ್ತೇವೆ, ಎಷ್ಟೋ ಜನರಿಗೆ ಅದು ಜೀವದ ಪ್ರಶ್ನೆ. ಭಜ್ಜು ಅವರಿಗೆ 2018ರಲ್ಲಿ ಪದ್ಮಶ್ರೀ ಬಂದ ದಿನ ನನಗೆ ಮನೆಯಲ್ಲಿ ಒಬ್ಬರಿಗೆ ಬಂದಷ್ಟು ಸಂತೋಷವಾಗಿತ್ತು.

ತಾಸೆಸದ್ದು

ಉಡುಪಿಯಿಂದ. ಇಲ್ಲಿಯವರೆಗೆ ಎಲ್ಲರೂ ಕಾಗದ, ಕ್ಯಾನ್ವಾಸಿನ ಮಾತಾಡಿದಿರಿ. ನಾನು ಮೈಮೇಲೆ ಬರೆಸಿಕೊಂಡವನು.

ನಮ್ಮ ಕಡೆ ಅಷ್ಟಮಿಗೆ, ಮಂಗಳೂರಿನಲ್ಲಿ ದಸರಾಕ್ಕೆ, ಹುಲಿವೇಷ. ಅಮ್ಮ ಹರಕೆ ಹೊತ್ತಿದ್ದರಿಂದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಹಾಕಿದೆ. ಹಿಂದಿನ ರಾತ್ರಿಯೇ ಬಣ್ಣ ಶುರು. ಮೈಕೂದಲನ್ನೆಲ್ಲ ಬೋಳಿಸಿ ನಿಲ್ಲಿಸುತ್ತಾರೆ. ಮೊದಲು ತಳಬಣ್ಣ, ಅದು ಒಣಗಬೇಕು. ಮೇಲೆ ಹಳದಿ, ಅದೂ ಒಣಗಬೇಕು. ಆಮೇಲೆ ಪಟ್ಟೆ. ಕೂರುವಂತಿಲ್ಲ, ಒರಗುವಂತಿಲ್ಲ, ಕೈ ಮೈಗೆ ತಾಗುವಂತಿಲ್ಲ. ಎರಡು ಕಡೆ ಕೋಲು ಕೊಟ್ಟು ಕೈಗಳನ್ನು ಅವುಗಳ ಮೇಲೆ ಇಡಿಸುತ್ತಾರೆ, ಕಾಲು ಅಗಲಿಸಿ ನಿಂತೇ ಇರಬೇಕು. ಬಣ್ಣ ಒಣಗುತ್ತ ಬಂದಂತೆ ಚರ್ಮವನ್ನು ಯಾರೋ ನಾಲ್ಕೂ ಕಡೆಯಿಂದ ಹಿಡಿದು ಎಳೆದಂತೆ ಬಿಗಿಯಾಗುತ್ತದೆ. ಉಸಿರೆಳೆದಾಗ ಪಕ್ಕೆಯ ಮೇಲಿನ ಪಟ್ಟೆ ಬಿರಿಯುತ್ತದೇನೋ ಎನಿಸುತ್ತದೆ. ಹೊಟ್ಟೆಯ ಮೇಲೆ ಹುಲಿಯ ಮುಖ ಬರೆಯುವಾಗ ಕುಂಚದ ತಣ್ಣನೆಯ ತುದಿ ಹೊಕ್ಕುಳಿನ ಸುತ್ತ ಸುತ್ತುತ್ತದೆ, ನಗುವಂತಿಲ್ಲ. ಬೆಳಗಿನ ಜಾವದ ಹೊತ್ತಿಗೆ ಕಾಲುಗಳು ಮರಗಟ್ಟಿರುತ್ತವೆ. ಬರೆಯುವ ಅಣ್ಣ ಮಾತ್ರ ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುತ್ತಲೇ ಇರುತ್ತಾರೆ. ಯಾರಿಗೆ ಪಟ್ಟೆಹುಲಿ, ಯಾರಿಗೆ ಚುಕ್ಕೆಯ ಚಿಟ್ಟೆಹುಲಿ ಎಂಬುದನ್ನು ಅವರೇ ಮೈಕಟ್ಟು ನೋಡಿ ಹೇಳುತ್ತಿದ್ದರು.

ನಾನು ಆಗ ಒಂದು ಬಟ್ಟೆ ಅಂಗಡಿಯಲ್ಲಿ ಸಹಾಯಕ. ಯಜಮಾನರ ಮುಂದೆ ದನಿ ಎತ್ತಿದವನಲ್ಲ. ಮಾರನೆಯ ದಿನ ತಾಸೆ ಬಡಿತಕ್ಕೆ ಕುಣಿಯುತ್ತ ನಮ್ಮ ಮೇಳ ಅದೇ ಅಂಗಡಿಯ ಮುಂದೆ ನಿಂತಿತು. ಯಜಮಾನರು ಹೊರಗೆ ಬಂದರು. ನಾನು ಅವರ ಕಣ್ಣನ್ನೇ ನೋಡುತ್ತ ಎರಡು ಹೆಜ್ಜೆ ಮುಂದೆ ಹಾಕಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು ನಕ್ಕು ನೋಟು ಹಿಡಿಸಿದರು. ಅವರಿಗೆ ನನ್ನ ಗುರುತು ಸಿಕ್ಕಿತ್ತು. ಆದರೂ ಸರಿದರು.

ಬಣ್ಣ ಬಿಡಿಸಲು ಎಣ್ಣೆ ಹಾಕಿ ಉಜ್ಜಿ ಎರಡು ದಿನ ಬೇಕಾಯಿತು. ಕಿವಿಯ ಹಿಂದೆ ಹಳದಿ ಒಂದು ವಾರ ಉಳಿದಿತ್ತು. ಅದೇ ಅಂಗಡಿಗೆ ಸೋಮವಾರ ಕೆಲಸಕ್ಕೆ ಹೋದೆ. ಯಜಮಾನರು ಬದಲಾಗಲಿಲ್ಲ. ನಾನು ಅವರೆದುರು ನಿಲ್ಲುವ ರೀತಿ ಮಾತ್ರ ಬದಲಾಗಿತ್ತು, ಅದು ಇಂದಿಗೂ ಹಾಗೆಯೇ ಇದೆ. ಹಂಚಿನಮನೆಯವರೇ, ಪ್ರಾಣಿಯ ಚಿತ್ರ ಮನುಷ್ಯನನ್ನು ಮರೆಮಾಡುತ್ತದೆ ಎಂದು ಹಲವರು ತಿಳಿದಿದ್ದಾರೆ. ನನ್ನ ಮೈಮೇಲೆ ಅದು ಒಳಗಿದ್ದದ್ದನ್ನು ಹೊರಗೆ ತಂದಿತು.

ಹಸಿರುಗೊಬ್ಬರ

ನಾನು ಪಶುವೈದ್ಯ, ಚಿತ್ರದುರ್ಗ ಜಿಲ್ಲೆಯಲ್ಲಿ ಕೆಲಸ. ಕಲೆಯ ವಿಷಯದಲ್ಲಿ ನನ್ನ ತಿಳಿವಳಿಕೆ ಕಡಿಮೆ, ಆದರೆ ಪ್ರಾಣಿಗಳನ್ನು ದಿನವೂ ನೋಡುತ್ತೇನೆ. ಹಂಚಿನಮನೆಯವರ ಚಿತ್ರದಲ್ಲಿ ಪ್ರಾಣಿಶಾಸ್ತ್ರದ ಒಂದು ತಪ್ಪಿದೆ. ಆ ತಪ್ಪಿನಲ್ಲಿಯೇ ನಿಮಗೆ ಬೇಕಾದದ್ದು ಸಿಗಬಹುದು ಎಂದು ಬರೆಯುತ್ತಿದ್ದೇನೆ.

ಊಸರವಳ್ಳಿ ಗೋಡೆಯ ಬಣ್ಣ ನೋಡಿ ತನ್ನ ಬಣ್ಣ ಬದಲಿಸುವುದಿಲ್ಲ. ಉಕ್ಕಿನ ಮೇಲಿಟ್ಟರೆ ಉಕ್ಕಾಗುವುದಿಲ್ಲ, ಕೆಂಪು ಬಟ್ಟೆಯ ಮೇಲಿಟ್ಟರೆ ಕೆಂಪಾಗುವುದಿಲ್ಲ. ಹಸಿರೆಲೆಯ ನಡುವೆ ಅದು ಕಾಣದಿರುವುದು ಅದರ ಸಹಜ ಬಣ್ಣವೇ ಹಸಿರಾದ್ದರಿಂದ. ಬಣ್ಣ ಬದಲಾಗುವುದಕ್ಕೆ ಬೇರೆ ಕಾರಣಗಳಿವೆ. ಬೆಳಗಿನ ಚಳಿಯಲ್ಲಿ ಬಿಸಿಲು ಹೀರಲು ಮೈ ಕಪ್ಪಾಗುತ್ತದೆ. ಎದುರಾಳಿ ಬಂದರೆ, ಹೆದರಿದರೆ, ಸಿಟ್ಟಾದರೆ, ಸಂಗಾತಿ ಕಂಡರೆ ಬಣ್ಣ, ಚುಕ್ಕೆ, ಪಟ್ಟೆ ಎಲ್ಲ ಬೇರೆಯಾಗುತ್ತವೆ. ರಾತ್ರಿ ನಿದ್ದೆಯಲ್ಲಿ ಬಿಳಿಚಿಕೊಂಡಿರುತ್ತದೆ, ಟಾರ್ಚ್ ಹಾಕಿದರೆ ಕೊಂಬೆಯ ತುದಿಯಲ್ಲಿ ಥಟ್ಟನೆ ಕಾಣುತ್ತದೆ. ಅಂದರೆ ನಮ್ಮ ಭಾಷೆ ಅದರ ಮೇಲೆ ಹೊರಿಸಿರುವ ಅಪವಾದ ಪೂರ್ತಿ ತಿರುಗುಮುರುಗು. ಮನಸ್ಸಿನಲ್ಲಿರುವುದನ್ನು ಮುಚ್ಚಿಡಲಾಗದ ಜೀವಿ ಅದು. ಒಳಗಿನದ್ದೆಲ್ಲ ಮೈಮೇಲೆ ಬಂದುಬಿಡುತ್ತದೆ.

ಹೋದ ವರ್ಷ ರಸ್ತೆ ದಾಟುತ್ತಿದ್ದ ಒಂದನ್ನು ಎತ್ತಿ ಬೇಲಿಗೆ ಬಿಟ್ಟೆ. ಬೆರಳುಗಳು ಎರಡು ಮೂರು ಸೇರಿ ಇಕ್ಕಳದಂತೆ ಇರುತ್ತವೆ, ನನ್ನ ತೋರುಬೆರಳನ್ನು ಹಿಡಿದ ಹಿಡಿತ ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಕಣ್ಣು ನನ್ನನ್ನು ನೋಡುತ್ತಿತ್ತು, ಇನ್ನೊಂದು ಬೇಲಿಯನ್ನು. ಕೈಯಲ್ಲಿದ್ದಾಗ ಮೈ ಉಬ್ಬಿಸಿ ಕಪ್ಪು ಮಚ್ಚೆ ತಂದುಕೊಂಡಿತ್ತು. ಬೇಲಿಯ ಕೊಂಬೆ ಹಿಡಿದು ನಾಲ್ಕು ಹೆಜ್ಜೆ ಹೋದ ಮೇಲೆ ಮಚ್ಚೆ ಕರಗಿ ಮೆಲ್ಲಗೆ ಹಸಿರು ಬಂತು. ಬಾಲ ಕೊಂಬೆಗೆ ಸುತ್ತಿಕೊಂಡಿತು.

ಇನ್ನು ಕಾಗೆ. ನಿಮ್ಮ ಲಿಫ್ಟಿನ ಕಾಗೆಗೆ ಕತ್ತೂ ಪೂರ್ತಿ ಕಪ್ಪು ಇದೆ. ಅದು ಕಾಡುಕಾಗೆ. ಬೆಂಗಳೂರಿನ ಕಸದ ತೊಟ್ಟಿ, ಹೋಟೆಲಿನ ಹಿತ್ತಿಲುಗಳಲ್ಲಿ ಹೆಚ್ಚಾಗಿ ಕಾಣುವುದು ಬೂದುಗತ್ತಿನ ಊರುಕಾಗೆ. ಕಾಡುಕಾಗೆ ಬೆಂಗಳೂರಿನಲ್ಲಿ ಇಲ್ಲವೆಂದಲ್ಲ, ಆದರೆ ಮನುಷ್ಯರ ಬೆನ್ನುಹತ್ತಿ ಪೇಟೆಯಲ್ಲಿ ಬದುಕು ಕಟ್ಟಿಕೊಂಡದ್ದು ಊರುಕಾಗೆ. ನೀವು ಬರೆಯಹೊರಟದ್ದು ಅಂಥವರನ್ನೇ ಅಲ್ಲವೇ?

ಓದುವಮನೆ

ವೈದ್ಯರೇ, ಊಸರವಳ್ಳಿಯ ಬಗ್ಗೆ ನೀವು ಬರೆದದ್ದನ್ನು ಓದಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ನಾಲಿಗೆಯ ಮೇಲೆ ದಿನವೂ ಓಡಾಡುವ ಒಂದು ಮಾತು ಒಂದು ಪ್ರಾಣಿಗೆ ಇಷ್ಟು ಅನ್ಯಾಯ ಮಾಡಿದೆಯಲ್ಲ.

ಹಂಚಿನಮನೆ

ನಿನ್ನೆ ರಾತ್ರಿ ಚಿತ್ರವನ್ನು ತಿರುಗಿಸಿ ಬೆಳಕಿಗೆ ಇಟ್ಟೆ. ಮೂರು ಗಂಟೆಯವರೆಗೆ ಕೂತಿದ್ದೆ. ಏನಾಯಿತೆಂದು ಹೇಳುತ್ತ ಹೋಗುತ್ತೇನೆ.

ಮೊದಲು ಕಾಗೆ. ವೈದ್ಯರು ಬರೆದದ್ದನ್ನು ಓದಿ ಎದೆ ಝಲ್ಲೆಂದಿತು. ನಮ್ಮ ಮನೆಯ ಹಿಂದಿನ ಹಲಸಿನ ಮರಕ್ಕೆ ಬರುತ್ತಿದ್ದ ಕಾಗೆಗಳ ಕತ್ತು ಕಪ್ಪೇ. ಅಜ್ಜಿಯ ತಿಥಿಗೆ ಬಾಳೆಲೆಯಲ್ಲಿ ಅನ್ನ ಇಟ್ಟು ಅಪ್ಪ ಕರೆಯುತ್ತಿದ್ದುದು ಅವುಗಳನ್ನೇ. ಬೆಂಗಳೂರಿನಲ್ಲಿ ಒಂಬತ್ತು ವರ್ಷ ದಿನವೂ ಬಾಲ್ಕನಿಯಲ್ಲಿ ಬೂದುಗತ್ತಿನ ಕಾಗೆ ನೋಡಿದ್ದೇನೆ, ಕುಂಚ ಹಿಡಿದಾಗ ಕೈ ಬರೆದದ್ದು ನಮ್ಮೂರಿನ ಆ ಕಪ್ಪುಗತ್ತಿನ ಕಾಗೆಯನ್ನು. ನನಗೆ ಗೊತ್ತೇ ಇರಲಿಲ್ಲ. ವೈದ್ಯರೇ, ಕ್ಷಮಿಸಿ, ಆ ಕಾಗೆಯನ್ನು ತಿದ್ದುವುದಿಲ್ಲ. ಲಿಫ್ಟಿನಲ್ಲಿ ನನ್ನ ಜೊತೆ ಊರಿನಿಂದ ಒಬ್ಬರು ಬಂದಿದ್ದಾರೆ ಎಂದು ಈಗ ತಿಳಿಯಿತು.

ಕೋತಿಗಳೆರಡನ್ನೂ ತೆಗೆದೆ. ನೆಲ ಒರೆಸುವ ಹುಡುಗ ಇನ್ನೂ ಖಾಲಿ ಜಾಗವಾಗಿಯೇ ಇದ್ದಾನೆ. ಅವನು ರಾಯಚೂರಿನ ಕಡೆಯವನು ಎಂಬುದಷ್ಟೇ ಗೊತ್ತು. ಸೋಮವಾರ ಮಾತಾಡಿಸುತ್ತೇನೆ. ಅವನ ಊರಿನಲ್ಲಿ ಯಾವ ಪ್ರಾಣಿಯ ಜೊತೆ ಬೆಳೆದ ಎಂದು ಅವನನ್ನೇ ಕೇಳಿ, ಅವನು ಒಪ್ಪಿದರೆ ಬರೆಯುತ್ತೇನೆ. ಒಪ್ಪದಿದ್ದರೆ ಅವನಿಗೆ ಅವನದೇ ಮುಖ.

ಊಸರವಳ್ಳಿಯ ಬೂದು ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದೆ. ಈಗ ನನ್ನ ಮನಸ್ಸಿನಲ್ಲಿರುವುದು ಇದು: ಅದು ಫೋನ್ ಕಿವಿಗೆ ಹಿಡಿದಿದೆ, ಅಮ್ಮನೊಡನೆ ಮಾತಾಡುತ್ತಿದೆ. ಮುಖ, ಕೊರಳು, ಎದೆಯವರೆಗೆ ಹಸಿರು ಬಂದಿದೆ. ಗುರುತಿನ ಚೀಟಿಯ ಕೆಳಗಿನಿಂದ ಇನ್ನೂ ಹೆದರಿಕೆಯ ಮಚ್ಚೆಗಳು. ಬಾಲ ಲಿಫ್ಟಿನ ಹಿಡಿಕೆಗೆ ಬಿಗಿಯಾಗಿ ಸುತ್ತಿಕೊಂಡಿದೆ. ಒಂದು ಕಣ್ಣು ಜೊತೆಯವರ ಮೇಲೆ, ಇನ್ನೊಂದು ಎಲ್ಲಿಯೋ ಚಿತ್ರದ ಹೊರಗೆ.

ತೊಂದರೆಯಿರುವುದು ಹಸಿರಿನಲ್ಲಿ. ಟ್ಯೂಬಿನ ಹಸಿರು ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತಿದೆ. ಕಪ್ಪು ಬೆರೆಸಿದರೆ ಕೊಳೆತಂತೆ ಕಾಣುತ್ತದೆ. ಮೇಷ್ಟ್ರೇ, ಏನು ಮಾಡಲಿ?

ಜವಾರಿ

ಹುಡುಗನನ್ನು ಕೇಳುತ್ತೇನೆ ಎಂದಿರಲ್ಲ, ಅಷ್ಟು ಸಾಕು ನನಗೆ. ಅವನು ಏನು ಹೇಳಿದನೆಂದು ತಪ್ಪದೆ ಬರೆಯಿರಿ.

ಕೆಮ್ಮಣ್ಣು

ಹಸಿರಿಗೆ ಕಪ್ಪು ಹಾಕಬೇಡ ತಂಗೀ. ಹಸಿರು ತಗ್ಗಬೇಕಾದರೆ ಅದಕ್ಕೆ ಎದುರಾದ ಕೆಂಪು ಬೇಕು, ಅದೂ ಚಿಟಿಕೆಯಷ್ಟು. ನಿನ್ನ ಹತ್ತಿರ ಇರುವ ಗಾಢ ಕೆಂಪು ಬೇಡ, ಮಣ್ಣಿನ ಕೆಂಪು ತೆಗೆದುಕೋ, ಗೆರೂ ಅನ್ನುತ್ತಾರಲ್ಲ, ಅದು. ಮೊದಲು ಊಸರವಳ್ಳಿಯ ಮೈಗೆ ಪೂರ್ತಿ ಕೆಮ್ಮಣ್ಣಿನ ತೆಳುವಾದ ತಳಬಣ್ಣ ಕೊಟ್ಟು ಒಣಗಲು ಬಿಡು. ಅದರ ಮೇಲೆ ಹಸಿರನ್ನು ತೆಳ್ಳಗೆ, ನೀರಾಗಿಸಿ, ಎರಡು ಮೂರು ಪದರ ಎಳೆ. ಅಡಿಯ ಕೆಂಪು ಅಲ್ಲಲ್ಲಿ ಉಸಿರಾಡಲಿ. ನಮ್ಮ ಕಡೆ ಹಸೆ ಚಿತ್ತಾರ ಬರೆಯುವ ಹೆಂಗಸರು ಗೋಡೆಗೆ ಮೊದಲು ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಯನ್ನು ಪುಂಡಿನಾರಿನ ಕುಂಚದಿಂದ ಎಳೆಯುತ್ತಾರೆ. ಆ ಬಿಳಿ ಅಷ್ಟು ಬೆಚ್ಚಗೆ ಕಾಣುವುದು ಅಡಿಯ ಮಣ್ಣಿನಿಂದ.

ಅವಸರ ಮಾಡಬೇಡ. ಒಂದೊಂದು ಪದರವೂ ಒಣಗಲಿ.

ಹಂಚಿನಮನೆ

ಮೇಷ್ಟ್ರೇ, ತಳಬಣ್ಣ ಹಾಕಿದೆ. ಒಣಗುತ್ತಿದೆ. ನಮ್ಮ ಮನೆಯ ಅಂಗಳದ ಮಣ್ಣಿಗೂ ಇದೇ ಬಣ್ಣ. ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ಅದನ್ನ ಎಂತಕ್ಕೆ ಹಸಿರು ಬಳಿದು ಮುಚ್ಚುತ್ತೀಯ ಮಾರಾಯ್ತಿ" ಎಂದು ಕೇಳಿದರು. ಪೂರ್ತಿ ಮುಚ್ಚುವುದಿಲ್ಲ ಎಂದು ಹೇಳಿದ್ದೇನೆ.